ಪಂಚೆಯ ಹಿಂದಿನಿಂದ ಕಂಡ ಜರ್ಮನಿ

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ನಾನು ಈಗಲೂ ದಾರಿ ತಪ್ಪುತ್ತೇನೆ. ಬಳೆ ಅಂಗಡಿಗೆಂದು ಹೊರಟು ಸೀಮೆಎಣ್ಣೆ ಅಂಗಡಿಯ ಮುಂದೆ ನಿಂತಿರುತ್ತೇನೆ. ಬಂಗಾರಪೇಟೆಯಲ್ಲಿ ರೈಲು ಇಳಿದರೆ ಯಾವ ಕಡೆಯ ಬಾಗಿಲಿಂದ ಆಚೆ ಬರಬೇಕೆಂದು ಯಾರನ್ನಾದರೂ ಕೇಳಲೇಬೇಕು, ಕೇಳುವುದಕ್ಕೆ ನಾಚಿಕೆ, ಆದ್ದರಿಂದ ಮುಂದೆ ಹೋಗುವವರ ಬೆನ್ನು ಹಿಡಿದು ಹೋಗುತ್ತೇನೆ. ಇಂಥ ನನಗೆ ಜರ್ಮನಿಯ ಒಂದು ಊರು ಮಾತ್ರ ಬೀದಿ ಬೀದಿಯೂ ಗೊತ್ತು. ಮನುಷ್ಯರು ತಾವಾಗಿ ಹೋಗಿ ನೋಡಿದ ಊರನ್ನು ಬೇಗ ಮರೆಯುತ್ತಾರೆ. ಇನ್ನೊಬ್ಬರು ಬಲವಂತವಾಗಿ ಕೂರಿಸಿ ತೋರಿಸಿದ ಊರನ್ನು ಸಾಯುವ ತನಕ ಮರೆಯುವುದಿಲ್ಲ. ಮಕ್ಕಳೇ, ನನಗೆ ಆ ಊರು ತೋರಿಸಿದವರು ನಿಮ್ಮ ತಾತ.

ಆಗ ನಾವು ಉರಿಗಾಂನಲ್ಲಿ ಚಿನ್ನದ ಗಣಿಯವರು ಕೊಟ್ಟ ಮನೆಯಲ್ಲಿದ್ದೆವು. ತಾತ ಗಣಿಯ ವರ್ಕ್‌ಶಾಪಿನಲ್ಲಿ ಮೆಷೀನು ರಿಪೇರಿಯ ಕೆಲಸದವರು. ಹೊಸ ಮೆಷೀನಿನ ಕೆಲಸ ಕಲಿತು ಬರಲೆಂದು ಅವರನ್ನು ಆರು ತಿಂಗಳು ಜರ್ಮನಿಗೆ ಕಳಿಸಿದರು. ಮೆಷೀನಿನ ವಿಷಯ ಏನು ಕಲಿತರೋ ನನಗೆ ತಿಳಿಯದು. ಬರುವಾಗ ಒಂದು ಕ್ಯಾಮೆರಾ, ಡಬ್ಬಿ ತುಂಬಾ ಸ್ಲೈಡುಗಳು, ಅವನ್ನು ದೊಡ್ಡದಾಗಿ ತೋರಿಸುವ ಒಂದು ಪ್ರೊಜೆಕ್ಟರ್ ತಂದರು. ನನಗೆ ಒಂದು ಸೋಪು ತಂದರು. ಆ ಊರಿನ ಚರ್ಚು, ಸೇತುವೆ, ಗಂಟೆಯ ಗೋಪುರ, ಮರದ ಪಟ್ಟಿ ಹೊಡೆದ ಹಳೆಯ ಮನೆಗಳು, ಸಂತೆ, ಬ್ರೆಡ್ಡಿನ ಅಂಗಡಿ, ರಸ್ತೆ ಗುಡಿಸುವವನು, ಅವನ ಪೊರಕೆ, ಎಲ್ಲವನ್ನೂ ಫೋಟೋ ಹಿಡಿದಿದ್ದರು. ಒಂದು ಮನೆಯ ಬಾಗಿಲಿನ ಚಿಲಕವನ್ನೇ ನಾಲ್ಕು ಬಗೆಯಾಗಿ ಹಿಡಿದಿದ್ದರು. "ಇದು ಕಲೆ ಕಣೇ," ಎನ್ನುತ್ತಿದ್ದರು. ನಮ್ಮ ಮನೆಯ ಚಿಲಕ ಕಿತ್ತುಬಂದು ವರ್ಷವಾಗಿತ್ತು. ಅದು ಕಲೆಯಲ್ಲವಾದ್ದರಿಂದ ಯಾರೂ ನೋಡಲಿಲ್ಲ. ಮದುವೆಯಾದ ಮೇಲೆ ನನ್ನದೊಂದು ಫೋಟೋವೂ ಇಲ್ಲ, ಆ ಕ್ಯಾಮೆರಾದಲ್ಲಿ ಒಂದು ತೆಗೆಯಬಾರದೇ ಎಂದು ಒಂದು ದಿನ ನಾನೇ ಬಾಯಿಬಿಟ್ಟು ಕೇಳಿದೆ. "ಬೆಳಕು ಸಾಲದು," ಎಂದರು. ಮಟಮಟ ಮಧ್ಯಾಹ್ನ, ಉರಿಗಾಂನ ಬಿಸಿಲು!

ಗಣಿಯ ಊರಾದ್ದರಿಂದ ಕರೆಂಟಿಗೆ ಬರವಿರಲಿಲ್ಲ. ಯಾರು ಮನೆಗೆ ಬಂದರೂ, ಮೊಸರು ಹೆಪ್ಪು ಕೇಳಲು ಬಂದರೂ ಸರಿ, ಅವರನ್ನು ಕೂರಿಸಿ ಆ ಊರು ತೋರಿಸುತ್ತಿದ್ದರು. ಪರದೆಗೆ ಅವರದೇ ತೆಳು ಬಿಳಿ ಪಂಚೆ. ಮುಂದಿನ ಹಜಾರಕ್ಕೂ ಒಳಮನೆಗೂ ನಡುವೆ ಇದ್ದ ಬಾಗಿಲಿಗೆ ಅದನ್ನು ಬಿಗಿಯಾಗಿ ಕಟ್ಟುತ್ತಿದ್ದರು. ಗಂಡಸರು ಹಜಾರದಲ್ಲಿ, ಮೆಷೀನಿನ ಪಕ್ಕ. ಹೆಂಗಸರು ಒಳಮನೆಯಲ್ಲಿ, ಪಂಚೆಯ ಹಿಂದೆ. ಹೊರಗಿನ ಗಂಡಸರ ಜೊತೆ ನಾವು ಕೂರುವ ಪದ್ಧತಿ ಇರಲಿಲ್ಲ. ಪಂಚೆ ತೆಳುವಾದ್ದರಿಂದ ಚಿತ್ರ ಈಚೆಗೂ ಚೆನ್ನಾಗಿ ಮೂಡುತ್ತಿತ್ತು. ಗಣಿಯೊಳಗೆ ಎಲ್ಲಿಯೋ ಬಂಡೆ ಸಿಡಿದು ನೆಲ ಅದುರಿದಾಗ ಜರ್ಮನಿಯ ಚರ್ಚೂ ನಮ್ಮ ಪಾತ್ರೆಗಳ ಜೊತೆ ಅದುರುತ್ತಿತ್ತು.

ನಿಜ ಹೇಳಬೇಕೆಂದರೆ, ಒಳಮನೆಯ ನಮಗೆ ಆ ಊರಿನ ಜನರ ಮೇಲೆ ಅಷ್ಟು ಒಳ್ಳೆಯ ಅಭಿಪ್ರಾಯ ಹುಟ್ಟಲಿಲ್ಲ. ಬ್ರೆಡ್ಡಿನ ಅಂಗಡಿಯ ಹೆಂಗಸು ಬ್ರೆಡ್ಡನ್ನು ಎಡಗೈಯಲ್ಲಿ ಕೊಡುತ್ತಿದ್ದಳು. ಕೊಳ್ಳುವವನು ಎಡಗೈಯಲ್ಲೇ ತೆಗೆದುಕೊಳ್ಳುತ್ತಿದ್ದ. ಕೋಟು ಹಾಕಿದ ಇಬ್ಬರು ದೊಡ್ಡ ಮನುಷ್ಯರು ನಗುನಗುತ್ತ ಎಡಗೈ ಕುಲುಕುತ್ತಿದ್ದರು. ಪಕ್ಕದ ಮನೆಯ ರಾಜಮ್ಮ ಗಲ್ಲಕ್ಕೆ ಬಡಿದುಕೊಂಡು, "ಅಯ್ಯೋ ಕಡವುಳೇ, ಊರಿಗೆ ಊರೇ ಎಡಗೈ ಜನಾನೇನಕ್ಕಾ? ಇಂಥೋರ ಮನೇಲಿ ಆರು ತಿಂಗಳು ಹೆಂಗೆ ಊಟ ಮಾಡುದ್ರೋ ನಿಮ್ಮೆಜಮಾನ್ರು!" ಎಂದು ಮರುಗಿದಳು. ನಾನೂ ಮರುಗಿದೆ. ಗಂಡನಿಗೆ ಹೇಳಲಿಲ್ಲ, ಅಷ್ಟು ಇಷ್ಟಪಟ್ಟ ಊರನ್ನು ಹೀಗಳೆಯುವುದು ಹೇಗೆ? ಗೋಪುರದ ಗಡಿಯಾರದಲ್ಲಿ ಎಂಟು ಗಂಟೆಯಾಗಿದ್ದರೂ ಬೀದಿಯಲ್ಲಿ ಬಿಸಿಲು ಸುರಿಯುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ಸಂಜೆ ಬೇಗ ಕತ್ತಲಾಗುವುದಿಲ್ಲವೆಂದು ತಾತ ಹೇಳಿದ್ದರಿಂದ ಅದನ್ನೂ ನಂಬಿದೆವು.

ಇಷ್ಟರಲ್ಲಿ ತಾತನ ತಂಗಿ ರತ್ನನಿಗೆ ಬೂದಿಕೋಟೆಯಿಂದ ಒಂದು ಸಂಬಂಧ ಬಂತು. ಹುಡುಗ ವೆಂಕಟೇಶ, ಅಲ್ಲಿಯ ಶಾಲೆಯ ಮೇಷ್ಟ್ರು. ಹಿಂದೆ ಬಂದ ಎರಡು ಸಂಬಂಧ ಕೈಬಿಟ್ಟುಹೋಗಿದ್ದವು. ಒಬ್ಬರು ಜಾತಕ ಎಂದರು, ಇನ್ನೊಬ್ಬರು ಏನೂ ಹೇಳದೆ ಉಪ್ಪಿಟ್ಟು ತಿಂದು ಹೋದರು. ಈ ಮೇಷ್ಟ್ರನ್ನು ರತ್ನ ಬಂಗಾರಪೇಟೆಯ ಒಂದು ಮದುವೆಯಲ್ಲಿ ನೋಡಿದ್ದಳು. ಇಷ್ಟ ಎಂದು ಬಾಯಲ್ಲಿ ಹೇಳಲಿಲ್ಲ. ಆದರೆ ಅವರು ಬರುವ ದಿನ ಬೆಳಿಗ್ಗೆಯಿಂದ ಜಡೆ ಬಿಚ್ಚುವುದು, ಹೆಣೆಯುವುದು, ಮತ್ತೆ ಬಿಚ್ಚುವುದು. ಇದೂ ತಪ್ಪಿದರೆ ಈ ಹುಡುಗಿ ತಡೆದುಕೊಳ್ಳಲಾರಳು ಎಂದುಕೊಂಡೆ.

ಸಂಜೆ ಮೂವರು ಬಂದರು: ಹುಡುಗ, ಅವನ ತಾಯಿ ಚಿನ್ನಮ್ಮ, ಚಿನ್ನಮ್ಮನ ತಮ್ಮ ಸುಬ್ಬಣ್ಣ. ಚಿನ್ನಮ್ಮ ಗಂಡ ಸತ್ತ ಮೇಲೆ ಹೊಲ ಮಾಡಿಸಿ, ಎಮ್ಮೆ ಕಟ್ಟಿ ಮಗನನ್ನು ಓದಿಸಿದವರು. ಸುಬ್ಬಣ್ಣ ಸೋದರಮಾವ. ಹೆಣ್ಣಿನಲ್ಲಿ ಕೊರತೆ ಹುಡುಕುವುದು ತನ್ನ ಹಕ್ಕು ಎಂಬಂತೆ ಮುಖ ಬಿಗಿದುಕೊಂಡು ಬಂದಿದ್ದರು. ಯಾರಾದರೂ ಆದರೆ ಮೊದಲು ಹುಡುಗಿಯನ್ನು ತೋರಿಸುತ್ತಾರೆ. ನಿಮ್ಮ ತಾತ, "ಊರು ನೋಡಿಬಿಡಿ, ಹುಡುಗಿ ಎಲ್ಲೂ ಹೋಗಲ್ಲ," ಎಂದು ಪಂಚೆ ಕಟ್ಟಿದರು. ಚಿನ್ನಮ್ಮ ಒಳಮನೆಗೆ ಬಂದು ನಮ್ಮ ನಡುವೆ ಕುಳಿತರು. ಚರ್ಚು ಬಂತು, ಚಿಲಕ ಬಂತು, ಪೊರಕೆ ಬಂತು. ನಾನು ನಡುವೆ ಎದ್ದು, ಹಿತ್ತಲ ಕಡೆಯಿಂದ ಸುತ್ತಿ ಹೋಗಿ ಹಜಾರದವರಿಗೆ ಕಾಫಿ ಕೊಟ್ಟು ಬಂದೆ. ಯಾವಾಗಲೂ ಹಾಗೆಯೇ, ಲೋಟ ನೋಡಿಕೊಂಡು ಹೋಗಿ ನೆಲ ನೋಡಿಕೊಂಡು ಬರುತ್ತಿದ್ದೆ.

ದೀಪ ಹಾಕಿ ರತ್ನನನ್ನು ಹಜಾರಕ್ಕೆ ಕರೆದರು. ನಮಸ್ಕಾರ ಮಾಡಿ ಚಾಪೆಯ ಮೇಲೆ ಕುಳಿತಳು. ಹಾಡು, ಅಡುಗೆ, ರಂಗೋಲಿ ಎಲ್ಲ ಮುಗಿಯಿತು. ಕೊರತೆ ಸಿಗದೆ ಸುಬ್ಬಣ್ಣ ಚಡಪಡಿಸಿದರು. ಕೊನೆಗೆ, "ಅದೇನೋ ಊರು ತೋರ್ಸುದ್ರಲ್ಲ ನಿಮ್ಮಣ್ಣ. ಗ್ಯಾನ ಇಟ್ಟು ನೋಡ್ದೇನಮ್ಮಾ? ಸೇತ್ವೆ ದಾಟುದ್ರೆ ಚರ್ಚು ಯಾವ್ ಕಡೀಕೈತೆ, ಏಳು ನೋಡಾನಾ," ಎಂದರು.

ರತ್ನ ತಲೆ ಬಗ್ಗಿಸಿ, "ಎಡಗಡೆ," ಎಂದಳು.

"ಎಡಗಡೆ?" ಎಂದರು ಸುಬ್ಬಣ್ಣ, ಕಳೆದುಹೋದ ಎಮ್ಮೆ ಸಿಕ್ಕಿದವರಂತೆ. "ಮೂರು ಜನ ಕಣ್ಬಿಟ್ಕೊಂಡು ನೋಡಿದೀವಿ, ಬಲಕ್ಕೈತೆ!"

ಅಣ್ಣನಾದವರು ಈಗ ತಂಗಿಯ ಪರ ಒಂದು ಮಾತು ಆಡಬೇಕೋ ಬೇಡವೋ? ನಿಮ್ಮ ತಾತನಿಗೆ ನೋವಾದದ್ದು ಊರಿನ ಪರವಾಗಿ. "ರತ್ನಾ! ಎಷ್ಟು ಸಲ ತೋರಿಸಿದೀನಿ! ಅದು ಬಲಗಡೆ ಇದೆ, ನಾನೇ ಆ ದಾರೀಲಿ ದಿನಾ ಓಡಾಡಿದೀನಿ!" ಎಂದು ಮತ್ತೆ ದೀಪ ಆರಿಸಿ ಸೇತುವೆಯ ಸ್ಲೈಡನ್ನು ಹಾಕಿದರು.

"ಬೇಡ ಬಿಡಪ್ಪ," ಎಂದರು ಸುಬ್ಬಣ್ಣ, ಟವೆಲ್ಲು ಕೊಡವಿಕೊಂಡು. "ಬಲ ಎಡ ಗೊತ್ತಿಲ್ದಿರೋ ಎಣ್ಣು. ನಾಳೆ ಮನೆ ತುಂಬುಸ್ಕೊಳ್ವಾಗ ಬಲಗಾಲಿಟ್ಟು ಬಾರವ್ವ ಅಂದ್ರೆ ಯಾವ್ ಕಾಲಿಡ್ತಾಳೋ! ಏಳ್ಲಾ ವೆಂಕಟೇಸ, ಬಸ್ಸಿಗೆ ಒತ್ತಾಯ್ತು." ಮಕ್ಕಳಿಗೆ ಎಡಬಲ ಕಲಿಸುವ ಮೇಷ್ಟ್ರು ಮಾವನ ಮುಖ ನೋಡಿ ಎದ್ದು ನಿಂತರು.

ಒಳಗೆ ನನ್ನ ಕಣ್ಣ ಮುಂದೆ ಪಂಚೆಯ ಮೇಲೆ ಚರ್ಚು ಎಡಗಡೆಗೇ ನಿಂತಿತ್ತು. ಕೂಗಿ ಹೇಳುವುದು ಹೇಗೆ? ಹೊರಗಿನ ಗಂಡಸರ ಮುಂದೆ ನಾನು ಕೆಮ್ಮಿದವಳೂ ಅಲ್ಲ. ಪಕ್ಕದಲ್ಲಿ ಕುಳಿತಿದ್ದ ಚಿನ್ನಮ್ಮನ ಸೆರಗು ಹಿಡಿದು, "ಎಡಕ್ಕೇ ಅಲ್ವೇನಮ್ಮಾ ಇರೋದು? ನೀವೇ ನೋಡಿ," ಎಂದು ಪಿಸುಗುಟ್ಟಿದೆ.

ಚಿನ್ನಮ್ಮ ನೋಡಿದರು. "ಲೇ ಸುಬ್ಬಾ!" ಎಂದು ಕೂಗಿದರು. ಚರ್ಚು ಅದುರಿತು. "ಕಣ್ಣೇನು ಕಿತ್ತಿಟ್ಟು ಬಂದಿದೀಯೇನ್ಲಾ? ಎಡಕ್ಕೈತೆ!"

"ಬಲಕ್ಕಕ್ಕಾ!"

"ಎಡಕ್ಕೆ ಕಣ್ಲಾ!"

"ನೀನೇ ಬಂದು ನೋಡಕ್ಕಾ!"

ಚಿನ್ನಮ್ಮ ಎದ್ದರು. ಹಿತ್ತಲ ಕಡೆಯಿಂದ ಸುತ್ತಿ ಹೋಗುವ ತಾಳ್ಮೆ ಅವರಿಗಿರಲಿಲ್ಲ. ಪಂಚೆಯನ್ನು ಎತ್ತಿ, ನದಿಯ ಕೆಳಗಿಂದ ನುಸುಳಿ, ಗಂಡಸರ ಕಡೆಗೆ ಹೋಗಿ ತಿರುಗಿ ನೋಡಿದರು. ಮತ್ತೆ ನುಸುಳಿ ನಮ್ಮ ಕಡೆ ಬಂದು ನೋಡಿದರು. ಮತ್ತೆ ಆ ಕಡೆ ಹೋದರು.

"ಈ ಕಡೆ ಬಲಕ್ಕೈತೆ. ಆ ಕಡೆ ಎಡಕ್ಕೈತೆ," ಎಂದರು. "ಪಂಚೆ ಇಂದ್ಗಡೆ ಕೂರ್ಸಿ, ಪಂಚೆ ಮುಂದ್ಗಡೆ ಮಾತು ಕೇಳ್ತೀರಲ್ಲ, ನಿಮ್ಗೇನ್ರೋ ಬಂದಿರೋದು? ಎಣ್ಣು ಕಂಡಿದ್ದು ಕಂಡಂಗೆ ಏಳವ್ಳೆ. ದೀಪ ಆಕಪ್ಪ."

ಸುಬ್ಬಣ್ಣ ಸೋತರೂ ಬಿಡುವವರಲ್ಲ. "ಅಂಗಾದ್ರೆ ಬಲಗಾಲು ಯಾವ್ದು ಅಂತ ತೋರುಸ್ಲಿ," ಎಂದರು.

ಪಂಚೆಯ ಸಂದಿಯಿಂದ ನಾನು ನೋಡುತ್ತಿದ್ದೆ. ಅಷ್ಟು ಗಲಾಟೆಯಲ್ಲಿ ರತ್ನನಿಗೆ ತನ್ನ ಹೆಸರೇ ನೆನಪಿತ್ತೋ ಇಲ್ಲವೋ. ಎದ್ದು ನಿಂತು ಎಡಗಾಲನ್ನು ಮುಂದಿಟ್ಟಳು.

ಚಿನ್ನಮ್ಮ ಅವಳ ಎದುರಿಗೆ ನಿಂತು ಕಾಲು ನೋಡಿದರು, ಮುಖ ನೋಡಿದರು. "ಸರಿಯಾಗೈತೆ," ಎಂದರು. "ನಾನ್ ನಿಂತಿರೋ ಕಡೆಯಿಂದ ಅದೇ ಬಲ. ಸೊಸೆ ಬರೋದು ನನ್ ಮನೆಗೆ. ನಿನ್ ಮನೆಗಲ್ಲ ಸುಬ್ಬಾ, ಕೂತ್ಕೋ."

"ಆಯ್ತಕ್ಕಾ, ನಿಜ್ವಾಗ್ಲೂ ಚರ್ಚು ಯಾವ್ ಕಡೀಕೈತೆ?"

"ನಿಂಗ್ಯಾಕ್ಲಾ? ಅಲ್ಲೋಗಿ ಕಂಬ್ಳಿ ಮಾರ್ತೀಯಾ?"

ಹೀಗೆ ಮದುವೆಯಾಯಿತು. ಬೂದಿಕೋಟೆಯ ಹೊಸ್ತಿಲಲ್ಲಿ ಚಿನ್ನಮ್ಮನೇ ಬಗ್ಗಿ, ರತ್ನನ ಬಲಪಾದ ಮುಟ್ಟಿ, "ಇದು ಕಣವ್ವ," ಎಂದರಂತೆ. ಆಮೇಲೆ ಅತ್ತೆ ಸೊಸೆ ಹಾಲು, ತುಪ್ಪ, ಸೌದೆ ಎಲ್ಲದಕ್ಕೂ ಜಗಳವಾಡಿದರು. ಚರ್ಚಿನ ಮಾತು ಬಂದರೆ ಮಾತ್ರ ಇಬ್ಬರೂ ಎಡಗಡೆ.

ನಿಮ್ಮ ತಾತ ಇದರಿಂದ ಏನು ಕಲಿತರು ಎಂದು ಕೇಳುತ್ತೀರಾ? ಕಲಿತರು. ಆಮೇಲಿನ ಪ್ರತಿ ಪ್ರದರ್ಶನದಲ್ಲೂ ಮೊದಲಿಗೆ ಗಂಟಲು ಸರಿ ಮಾಡಿಕೊಂಡು, "ಒಳಮನೆಯವರು ದಯವಿಟ್ಟು ಎಡವನ್ನು ಬಲವೆಂದೂ ಬಲವನ್ನು ಎಡವೆಂದೂ ತಿಳಿದುಕೊಳ್ಳತಕ್ಕದ್ದು," ಎಂದು ಪ್ರಕಟಣೆ ಮಾಡುತ್ತಿದ್ದರು. ಆರು ತಿಂಗಳು ವಿದೇಶದಲ್ಲಿ ಓದಿ ಬಂದವರಿಗೆ, ಪಂಚೆಯ ಮುಂದೆ ಬಂದು ಕುಳಿತುಕೊಳ್ಳಿ ಎನ್ನುವುದು ಹೊಳೆಯಲಿಲ್ಲ. ಹೊಳೆದು ಕರೆದಿದ್ದರೂ ನಾವು ಹೋಗುತ್ತಿದ್ದೆವೇ ಎನ್ನುವುದನ್ನು ಮಾತ್ರ ನನ್ನನ್ನು ಕೇಳಬೇಡಿ.

ಮೊನ್ನೆ ದಸರೆಯ ರಜೆಯಲ್ಲಿ ನೀವೆಲ್ಲ ಸೇರಿ ಅಟ್ಟದಿಂದ ಆ ಮೆಷೀನು ಇಳಿಸಿದಿರಿ. ಹೊಸ ಬಲ್ಬು ಹಾಕಿ, ಪಂಚೆ ಕಟ್ಟಿ, ನನಗೆ ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿ, "ಅಜ್ಜಿ, ಈಗ ಸರಿಯಾಗಿ ನೋಡು," ಎಂದಿರಿ. ನೋಡಿದೆ. ಬ್ರೆಡ್ಡಿನವಳು ಬಲಗೈಯಲ್ಲಿ ಕೊಡುತ್ತಿದ್ದಳು. ದೊಡ್ಡ ಮನುಷ್ಯರು ಬಲಗೈ ಕುಲುಕುತ್ತಿದ್ದರು. ಗೋಪುರದಲ್ಲಿ ಇನ್ನೂ ನಾಲ್ಕು ಗಂಟೆ. ಎಲ್ಲ ಮರ್ಯಾದಸ್ತ ಜನ, ಒಬ್ಬರ ಗುರುತೂ ಸಿಗಲಿಲ್ಲ. ಸೇತುವೆ ಬಂದಾಗ, ರಾಬರ್ಟ್‌ಸನ್‌ಪೇಟೆಯಲ್ಲಿ ಆಗುವಂತೆಯೇ, ನನಗೆ ದಾರಿ ತಪ್ಪಿತು.

ನಾನು ಮೆಲ್ಲಗೆ ಎದ್ದು ಪಂಚೆಯ ಹಿಂದೆ ಹೋಗಿ ನೆಲದ ಮೇಲೆ ಕುಳಿತದ್ದಕ್ಕೆ ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ನಗಿ. ಅಲ್ಲಿ ಚರ್ಚು ಎಡಗಡೆಗೇ ಇತ್ತು. ಗೋಪುರದಲ್ಲಿ ಎಂಟು ಗಂಟೆಯಾಗಿತ್ತು, ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಹಜಾರದವರಿಗೆ ಕಾಫಿ ಕೊಡುವ ಹೊತ್ತಾಯಿತೇನೋ ಎಂದು ಏಳಹೋದೆ.