ಮಿರಮಿರ ಮಿಂಚಿದ ಸ್ಕ್ರೂ

ಪ್ಯಾಕಿಂಗಿನ ಅಂಬಾದಾಸ ಅವತ್ತು ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ.

“ತಾಯಪ್ಪಣ್ಣ, ಇವತ್ತ ಡಾಕ್ಟರ್ ಮ್ಯಾಡಮ್ ಮಾಲು ನೋಡಾಕ ಬರ್ತಾರ. ನಿನ್ನ ಸ್ಕ್ರೂ ನೋಡು, ಬೂದ್ಯಾಗ ಹೊಳ್ಳಾಡಿ ಬಂದಂಗ ಅದಾವ. ಇವನ್ನ ಯಾರು ಬಾಯಾಗ ಹಾಕಿಸ್ಕೊಂತಾರ?”

“ಹಂಗ ಮಾಡು ಅಂತ ಸಾಹೇಬ್ರೇ ಹೇಳ್ಯಾರಪ್ಪ.”

“ಅವರು ಹೇಳ್ತಾರ. ಕಾಯಂ ಆಗೋ ದಿನಾ ಕೈಚಳಕ ತೋರಸಬೇಕೋ ಬ್ಯಾಡೋ?”

ಹೀಗೆ ತಲೆಗೆ ಹುಳ ಬಿಟ್ಟು ಅವನು ಹೊರಟುಹೋದ.

ತಾಯಪ್ಪ ಪುಣೆ ಬಳಿಯ ಚಾಕಣದಲ್ಲಿ ಹದಿನೈದು ವರ್ಷ, ಲೋಹಕ್ಕೆ ಹೊಳಪು ಕೊಡುವ ಬಫಿಂಗ್ ಚಕ್ರದ ಮುಂದೆ ಕೂತು ಕಾರಿನ ಬಿಡಿಭಾಗ ತಿಕ್ಕಿದವನು. ಸಂಜೆ ಮೈಯೆಲ್ಲ ಮಸಿ. ನಕ್ಕಾಗ ಕಾಣುವ ಹಲ್ಲಿನಿಂದಲೇ ಹೆಂಡತಿ ಚಂದಮ್ಮ ಅವನ ಗುರುತು ಹಿಡಿಯಬೇಕಿತ್ತು. ಈಗ ಭೋಸರಿಯ ಈ ಪುಟ್ಟ ಕಾರ್ಖಾನೆಯಲ್ಲಿ ಬಿಳಿ ಕೋಟು. ದವಡೆಯ ಎಲುಬಿಗೆ ಕೂರಿಸಿ ಮೇಲೆ ಕೃತಕ ಹಲ್ಲು ನಿಲ್ಲಿಸುವ ಟೈಟೇನಿಯಂ ಸ್ಕ್ರೂಗಳ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಪುಡಿ ಊದಿ ಮಂಕು ಮಾಡಿ, ಆಮ್ಲದಲ್ಲಿ ಅದ್ದಿ ತೆಗೆದರಾಯಿತು. ಆ ಕೋಟೆಂದರೆ ಅವನಿಗೆ ಪ್ರಾಣ. ಮೂರು ತಿಂಗಳ ಪರೀಕ್ಷಾ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ಕಾಯಂ ಆಗದಿದ್ದರೆ ಮತ್ತೆ ಚಕ್ರವೇ ಗತಿ.

ಮೂಲೆಯಲ್ಲಿ ಹತಾರ ತಿಕ್ಕಲು ಇಟ್ಟ ಹಳೆಯ ಬಫಿಂಗ್ ಚಕ್ರವೊಂದಿತ್ತು. ಒಂದೇ ಒಂದು ನೋಡೋಣ ಎಂದು ಸ್ಕ್ರೂ ಹಿಡಿದ. ಮಿರಮಿರ ಮಿಂಚಿತು. ಅದರ ಪಕ್ಕ ಉಳಿದವು ಇನ್ನಷ್ಟು ಮಂಕಾಗಿ ಕಂಡವು. ಹದಿನೈದು ವರ್ಷದ ಕೈ ಸುಮ್ಮನಿರು ಅಂದರೆ ಕೇಳುತ್ತದೆಯೇ? ಊಟದ ಹೊತ್ತಿಗೆ ತಟ್ಟೆಯ ನಲವತ್ತೂ ಹೊಳೆಯುತ್ತಿದ್ದವು.

ಮಧ್ಯಾಹ್ನ ಮಾಲೀಕ ಮಧುಕರ್ ಸಾಹೇಬರ ಜೊತೆ ಡಾಕ್ಟರ್ ಸೋನಾಲಿ ಬಂದರು; ಹಿಂದೆಯೇ ಅಂಬಾದಾಸನೂ ಬಂದ. ಚಿಮಟದಲ್ಲಿ ಒಂದು ಸ್ಕ್ರೂ ಎತ್ತಿದರು. ಅದು ಜಾರಿ ಕಪಾಟಿನ ಕೆಳಗೆ ಓಡಿತು. ಇನ್ನೊಂದು ಅದರ ಹಿಂದೆಯೇ ಹೋಯಿತು. ಮೂವರು ಗಂಡಸರು ಮೊಣಕಾಲೂರಿ ಹುಡುಕತೊಡಗಿದರು. ಒಂದನ್ನು ಎತ್ತಿ ನೋಡಿದ ಸಾಹೇಬರ ಮುಖ ಬಿಳಿಚಿಕೊಂಡಿತು. ಸೊಲ್ಲಾಪುರದವರು, ಬೈಯುವಾಗ ಕನ್ನಡವೇ ಬರುತ್ತಿತ್ತು.

“ಏನ್ ಮಾಡಿಟ್ಟಿಯೋ ಮಾರಾಯಾ? ತರಿತರಿ ಇದ್ರ ಎಲುಬು ಹಿಡ್ಕೊಂಡು ಬೆಳೀತದ. ಇದನ್ನ ಹಾಕಿದ್ರ ಮೊದಲನೇ ರೊಟ್ಟಿಗೇ ಹಲ್ಲು ಕೈಗೆ ಬರ್ತದ.”

“ಒಂದ್ ತಾಸು ಕೊಡ್ರಿ ಸಾಹೇಬ್ರ, ಮತ್ತ ಮಂಕ ಮಾಡ್ತೀನ್ರಿ.”

“ಥ್ರೆಡ್ಡೇ ಸವದಾವ, ಏನ್ ಮಂಕ ಮಾಡ್ತಿ?”

“ನಾ ಆವಾಗ್ಲೇ ಹೇಳಿದ್ನಿರಿ, ಮುಟ್ಟಬ್ಯಾಡ ಅಂತ,” ಎಂದ ಅಂಬಾದಾಸ.

ತಾಯಪ್ಪ ಕೋಟಿನ ಗುಂಡಿ ಬಿಚ್ಚತೊಡಗಿದ.

ಅಷ್ಟರಲ್ಲಿ ಡಾಕ್ಟರು ಆ ಸ್ಕ್ರೂವನ್ನು ಬೆಳಕಿಗೆ ಹಿಡಿದು, ಅದರಲ್ಲಿ ತಮ್ಮ ಮುಖ ನೋಡಿಕೊಂಡು, ಸಾಹೇಬರೊಡನೆ ಮರಾಠಿಯಲ್ಲಿ ಬಹಳ ಹೊತ್ತು ಮಾತಾಡಿದರು. ಸಾಹೇಬರ ಮುಖ ಅರಳಿತು.

“ತಾಯಪ್ಪಾ, ನಿನ್ನ ನಸೀಬು ಭಾಳ ಗಟ್ಟಿ ಅದ. ಎಲುಬಿನಾಗ ಇರೋ ಸ್ಕ್ರೂ ತರಿತರಿನೇ ಬೇಕು. ಆದ್ರ ಅದರ ಮ್ಯಾಲ, ವಸಡಿನಾಗ ಕೂಡೋ ತುಣುಕು ಕನ್ನಡಿ ಹಂಗ ಇರಬೇಕು. ಇಂಥಾ ಕೈ ಪುಣೆದಾಗ ಎಲ್ಲೂ ಸಿಕ್ಕಿಲ್ಲ ಅಂತಾರ ಮ್ಯಾಡಮ್. ಇವತ್ತಿಂದ ನೀ ಕಾಯಂ.”

ತಾಯಪ್ಪನ ಕಣ್ಣಲ್ಲಿ ನೀರು ಬಂತು. ಬಿಚ್ಚಿದ ಗುಂಡಿಗಳನ್ನು ಒಂದೊಂದಾಗಿ ಮತ್ತೆ ಹಾಕಿಕೊಳ್ಳತೊಡಗಿದ.

“ಹಾಕ್ಕೋಬ್ಯಾಡ,” ಎಂದರು ಸಾಹೇಬರು. “ಅದನ್ನ ಅಂಬಾದಾಸಗ ಕೊಡು, ಪುಡಿ ಊದೋ ಕೆಲಸ ಅವ ಮಾಡ್ತಾನ. ನಿನಗ ಇನ್ ಮ್ಯಾಲ ಚಕ್ರದ್ದೇ ಕೆಲಸ. ಈಗಲೇ ಕೂಡು.”

ಸಂಜೆ ಬಾಗಿಲು ತೆರೆದ ಚಂದಮ್ಮ ಎದುರಿನ ಕರಿ ಆಕೃತಿಯನ್ನು ನೋಡಿ, “ಯಾರ್ರಿ? ನಮ್ಮನಿಯವ್ರು ಇನ್ನಾ ಬಂದಿಲ್ಲ,” ಎಂದಳು.

ಗುರುತು ಸಿಗಬೇಕಾದರೆ ನಗಬೇಕಿತ್ತು. ಅದೊಂದು ಅವತ್ತು ತಾಯಪ್ಪನಿಂದ ಆಗಲಿಲ್ಲ.