ವಾರಾಂತ್ಯದ ಮಾಲೀಕನ ಹಕ್ಕೊತ್ತಾಯ

"ವಾಲ್ವ್ ತಿರುಗಿಸಿದ ಕೈಯನ್ನೇ ತಿರುಚಿಬಿಡ್ತೀನಿ!" ಎಂದು ನಾನು ಅಡುಗೆಮನೆಯ ನಟ್ಟನಡುವೆ ನಿಂತು ಭೀಷ್ಮಪ್ರತಿಜ್ಞೆ ಮಾಡಿದೆ.

ಎದುರಿಗಿದ್ದ ಸಭೆಯೆಂದರೆ ನನ್ನ ಹೆಂಡತಿ ಶಶಿಕಲಾ ಒಬ್ಬಳೇ. ಖಾಲಿ ಕುಕ್ಕರ್ ಹಿಡಿದುಕೊಂಡು, "ಮೊದ್ಲು ಒಂದು ಬಿಂದಿಗೆ ನೀರು ತನ್ನಿ. ಆಮೇಲೆ ತಿರುಚೋರಂತೆ" ಎಂದಳು.

ವಿಷಯ ಇಷ್ಟೇ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿರುವ ನಾನು, ವಾರದ ಐದು ದಿನ ದಾಸರಹಳ್ಳಿಯ ಮನೆಯಲ್ಲಿ ಪಕ್ಕದ ಲೇತ್ ಮೆಷಿನ್ನಿನ ಕಿರಿಕಿರಿ ಕೇಳಿಕೊಂಡು ಬದುಕುತ್ತೇನೆ. ಉಳಿದೆರಡು ದಿನ ಸರ್ಜಾಪುರದ ನಾಲ್ಕನೇ ಮಹಡಿಯ ನನ್ನ ಫ್ಲಾಟಿನಲ್ಲಿ ಮಹಾರಾಜ! ಆ ಬಾಲ್ಕನಿಯಲ್ಲಿ ಕೂತು, ಹಿಂದೆ ಕೆರೆ ಇತ್ತೆಂದು ಹೇಳುವ ಜಾಗವನ್ನು ನೋಡುತ್ತಾ ಕಾಫಿ ಕುಡಿಯುವುದಕ್ಕಾಗಿಯೇ ನಾನು ಐದು ದಿನ ಉಸಿರಾಡುವುದು. ಅಂಥದ್ದರಲ್ಲಿ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನವರು ಟ್ಯಾಂಕರ್ ನೀರು ಸಾಲುತ್ತಿಲ್ಲವೆಂದು ಬೀಗ ಹಾಕಿದ ಫ್ಲಾಟುಗಳ ವಾಲ್ವನ್ನೆಲ್ಲ ಬಂದ್ ಮಾಡಿಸಿದ್ದರು. ನೀರಿಲ್ಲದ ಮೇಲೆ ಅದು ಯಾವ ಸೀಮೆಯ ಮನೆ?

ಸೆಕ್ಯುರಿಟಿ ರೇವಣಸಿದ್ದನನ್ನು ಕೇಳಿದರೆ, "ನನಗೇನ್ ಗೊತ್ತಿಲ್ರಿ ಸರ. ಪಾರ್ಟ್ ಟೈಮ್ ಮಂದಿಗೆ ನೀರ್ ಬಿಡಬ್ಯಾಡ ಅಂದಾರ್ರಿ" ಎಂದ.

ಪಾರ್ಟ್ ಟೈಮ್ ಮಂದಿ! ನಾನು! ಗೃಹಪ್ರವೇಶದ ದಿನ ಈ ಮನೆಯಲ್ಲಿ ಹಾಲು ಉಕ್ಕಿದ್ದೂ ಪಾರ್ಟ್ ಟೈಮೇನು? ದಡದಡನೆ ಒಳಗೆ ಬಂದವನೇ ಒಂದೊಂದಾಗಿ ಎಲ್ಲ ನಲ್ಲಿಗಳನ್ನೂ ತಿರುಗಿಸಿ, "ನೋಡೇ, ಇಲ್ಲೂ ಇಲ್ಲ! ಇಲ್ಲೂ ಇಲ್ಲ!" ಎಂದು ಅನ್ಯಾಯದ ಪ್ರದರ್ಶನ ಏರ್ಪಡಿಸಿದೆ.

ಭಾನುವಾರ ಅಸೋಸಿಯೇಷನ್ ಮೀಟಿಂಗ್. ಸೆಕ್ರೆಟರಿ ನರೇಶ್ ಮೆತ್ತಗೆ ಶುರುಮಾಡಿದ: "ಸಾರ್, ನೀವು ಇರೋದೇ ವಾರಕ್ಕೆ ಎರಡು ದಿನ..."

"ನೀವು ಅತ್ತೆ ಮನೇಲಿ ಇರೋದು ವರ್ಷಕ್ಕೆ ಎರಡು ದಿನ. ಅಲ್ಲಿ ಕೈಕಾಲು ತೊಳ್ಯೋಕೆ ನೀರು ಕೊಡಲ್ವಾ?"

ಸಭೆ ಗೊಳ್ಳೆಂದಿತು. ನನಗೆ ಇನ್ನೇನು ಬೇಕು? ಎದ್ದು ನಿಂತು ಗರ್ಜಿಸಿದೆ. ಬೀಗ ಹಾಕಿದ ಮನೆಯೂ ಮನೆಯೇ! ಸಮಾನ ಹಕ್ಕು, ಸಮಾನ ನೀರು! ನನ್ನಂಥ ವಾರಾಂತ್ಯದ ಮಾಲೀಕರೆಲ್ಲ ಚಪ್ಪಾಳೆ ತಟ್ಟಿದರು. ನರೇಶ್ ಕೈಮುಗಿದು, "ಆಯ್ತು ಸಾರ್, ಬೆಳಿಗ್ಗೆ ಪ್ಲಂಬರ್ ಬಂದ್ಕೂಡ್ಲೇ ವಾಲ್ವ್ ತೆಗೆಸ್ತೀನಿ" ಎಂದ.

ಗೆದ್ದೆ! ಜಿರಲೆ ಬರದಿರಲೆಂದು ಎಂದಿನಂತೆ ಬಚ್ಚಲಿನ ತೂತುಗಳಿಗೆಲ್ಲ ಬಟ್ಟೆ ತುರುಕಿ, ಬೀಗ ಜಡಿದು, ದಾಸರಹಳ್ಳಿಯ ಕಡೆಗೆ ಕಾರು ತಿರುಗಿಸಿದೆ. ದಾರಿಯುದ್ದಕ್ಕೂ ನನ್ನ ಭಾಷಣವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ.

"ಏನೋ ಮರೆತ್ವಿ ಅನ್ನಿಸ್ತಿದೆ ಕಣ್ರೀ" ಎಂದಳು ಶಶಿಕಲಾ.

"ಅವ್ರು ನಂಗೆ ಹಾರ ಹಾಕೋದು ಮರೆತ್ರು, ಅಷ್ಟೆ!"

ಸೋಮವಾರ ಮಧ್ಯಾಹ್ನ ಕಾರ್ಖಾನೆಯಲ್ಲಿ ಊಟದ ಡಬ್ಬಿ ತೆಗೆದಿದ್ದೆ. ರೇವಣಸಿದ್ದನ ಫೋನ್.

"ಸರ, ನಿಮ್ಮ ಮನ್ಯಾಗ ಯಾರರ ಅದಾರೇನ್ರಿ?"

"ಯಾರೂ ಇಲ್ವಲ್ಲಪ್ಪ."

"ಹಂಗಾರ ಮತ್ತ, ಬಾಗಲ ಬುಡಕ ನೀರು ಹರ್ಯಾಕತ್ತೈತಲ್ರೀ! ಮೆಟ್ಲ ಇಳದು ಹೊಂಟೈತ್ರೀ!"

ಡಬ್ಬಿ ಬಿಟ್ಟು ಎದ್ದೆ. ನಲ್ಲಿಗಳು! ತಿರುಗಿಸಿದ್ದೆ, ತೋರಿಸಿದ್ದೆ, ಭಾಷಣ ಮಾಡಿದ್ದೆ. ನಿಲ್ಲಿಸಿರಲಿಲ್ಲ!

ದಾಸರಹಳ್ಳಿಯ ಮನೆಯಿಂದ ಶಶಿಕಲಾಳನ್ನು ಕೂರಿಸಿಕೊಂಡು ಸರ್ಜಾಪುರಕ್ಕೆ ಹೊರಟೆ. ಟ್ರಾಫಿಕ್ಕಿನಲ್ಲಿ ನಾನು ಒಂದೊಂದು ಸಿಗ್ನಲ್ ದಾಟುವಷ್ಟರಲ್ಲಿ ಅಲ್ಲಿ ನೀರು ಒಂದೊಂದು ಮಹಡಿ ಇಳಿಯುತ್ತಿತ್ತು. ಯಾರೋ ಪುಣ್ಯಾತ್ಮರು ಪ್ಲಂಬರನ್ನು ಹುಡುಕಿ ತಂದು ವಾಲ್ವ್ ಮುಚ್ಚಿಸುವ ಹೊತ್ತಿಗೆ ಮೇಲಿನ ಟ್ಯಾಂಕಿನಲ್ಲಿ ಪಾಚಿ ಮಾತ್ರ ಉಳಿದಿತ್ತಂತೆ. ನಾವು ಕಾರಿನಿಂದ ಇಳಿದಾಗ ಇಡೀ ಅಪಾರ್ಟ್‌ಮೆಂಟ್ ಖಾಲಿ ಬಕೆಟ್ ಹಿಡಿದು ಸ್ವಾಗತಕ್ಕೆ ನಿಂತಿತ್ತು.

"ಅವ್ರಿಗೂ ನೀರಿಲ್ಲ, ನಮಗೂ ನೀರಿಲ್ಲ. ಬಂತಲ್ಲ ನಿಮ್ಮ ಸಮಾನತೆ!" ಎಂದು ಶಶಿಕಲಾ ಹಲ್ಲು ಕಚ್ಚಿದಳು.

ನಮ್ಮ ಮನೆಗೇನು, ಟೈಲ್ಸ್ ಒರೆಸಿದರೆ ಆಯಿತು. ಕೆಳಗಿನ ಫ್ಲಾಟಿನದು ಕರುಳು ಕಿತ್ತುಬರುವ ದೃಶ್ಯ. ಅದರ ಒಡತಿ ಸುಮಂಗಲಾ ಗದಗದ ಕಡೆಯವರು. ಊರಿನಿಂದ ಅತ್ತೆ ಮರೆವ್ವ ಬರುತ್ತಾರೆಂದು ಹೊಸದಾಗಿ ಫಾಲ್ಸ್ ಸೀಲಿಂಗ್ ಮಾಡಿಸಿದ್ದರು. ಈಗ ಸೀಲಿಂಗ್ ಸೋಫಾದ ಮೇಲೆ ಕೂತಿತ್ತು, ಅತ್ತೆ ನಿಂತಿದ್ದರು. ವೈರಿಂಗಿಗೂ ನೀರು ಇಳಿದಿದೆ, ಎಲ್ಲ ಒಣಗಿ ರಿಪೇರಿ ಮುಗಿಯುವತನಕ ಇಲ್ಲಿ ಇರುವ ಹಾಗಿಲ್ಲ ಎಂದ ಎಲೆಕ್ಟ್ರಿಷಿಯನ್.

"ಇವರೆಲ್ಲ ಎಲ್ಲಿ ಹೋಗ್ಬೇಕು ಸಾರ್?" ಎಂದು ನರೇಶ್ ನನ್ನನ್ನೇ ದುರುಗುಟ್ಟಿ ನೋಡಿದ.

ನಾನು ಬಾಯಿ ತೆರೆಯುವ ಮೊದಲೇ ಶಶಿಕಲಾ ನನ್ನ ಜೇಬಿಗೆ ಕೈಹಾಕಿ ಬೀಗದ ಕೈ ತೆಗೆದಳು. "ಸುಮಂಗಲಾ, ಅಲ್ಲೀತನಕ ನಮ್ಮನೇಲೇ ಇರ್ರಮ್ಮ. ಹೇಗೂ ಖಾಲಿ ಬಿದ್ದಿರತ್ತೆ."

ಖಾಲಿಯೇ? ನನ್ನ ಬಾಲ್ಕನಿ! ನನ್ನ ಕಾಫಿ! ನನ್ನ ಇಲ್ಲದ ಕೆರೆ! ಎದೆಯೊಳಗೆ ಅಳು ಒತ್ತರಿಸಿ ಬಂತು. ಆದರೆ ಅಷ್ಟು ಖಾಲಿ ಬಕೆಟ್‌ಗಳ ಎದುರು ಕಣ್ಣೀರು ಹಾಕುವುದಕ್ಕೂ ಹೆದರಿಕೆಯಾಯಿತು.

ಶನಿವಾರ ತಡೆಯಲಾರದೆ ಒಬ್ಬನೇ ಹೋದೆ. ಬಾಲ್ಕನಿಯನ್ನು ಒಂದು ಸಲ ನೋಡಿ ಬಂದರೆ ಸಾಕಿತ್ತು. ನನ್ನದೇ ಬಾಗಿಲಿನ ಮುಂದೆ ಚಪ್ಪಲಿ ಬಿಟ್ಟು, ಅಂಗಿ ಸರಿಮಾಡಿಕೊಂಡು, ಬೆಲ್ ಒತ್ತಿದೆ. ಮರೆವ್ವ ಬಾಗಿಲು ತೆರೆದರು. ಬಾಲ್ಕನಿಯ ನನ್ನ ಕುರ್ಚಿಯ ಮೇಲೆ ಅವರ ಮೆಣಸಿನಕಾಯಿ ಒಣಗುತ್ತಿತ್ತು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

ಮುದುಕಿಗೆ ಅಯ್ಯೋ ಅನ್ನಿಸಿರಬೇಕು. ಕೈಹಿಡಿದು ಒಳಗೆ ಕರೆದರು.

"ಬರ್ರಿ ಯಪ್ಪಾ, ಯಾಕ ಹೊರಗ ನಿಂತೀರಿ? ನಾಚ್ಕೋಬ್ಯಾಡ್ರಿ. ನಿಮ್ಮ ಮನೀನ ಅಂತ ತಿಳಕೋರಿ."