ಸಿಂದಗಿಯಲ್ಲಿ ಹೊಡೆಸಿದ ಬೋರು

ನಮ್ಮ ಕಡೆ ಬೋರು ಎಂಬ ಮಾತನ್ನು ಎಲ್ಲಿ ಆಡಿದರೂ ಒಂದು ಎಡವಟ್ಟು ಆಗಿಯೇ ತೀರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಗೆ ಬೇಕಾದರೂ ಹೋಗಿ, ಬೋರು ಎಂದರೆ ಹೊಲ, ಬೋರು ಎಂದರೆ ನೀರು. ನಾನು ಹೊಡೆಸಿದ್ದು ಮೋಟಾರ್ ಸೈಕಲ್ಲಿಗೆ. ಇದನ್ನು ಬಿಡಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು.

ಬೆಚ್ಚಗಿನ ಕುರ್ಚಿ

ಎಂಟು ಹತ್ತು ವರ್ಷದ ಹಿಂದಿನ ಮಾತು. ಇಂಗಳೇಶ್ವರದ ಹತ್ತಿರ ನಮ್ಮ ಹಳ್ಳಿಯ ಕ್ರಾಸಿನಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ. ಕಾಲೇಜಿನ ಹುಡುಗಿಯರು ದಿನಾ ಮೂರು ಮೈಲಿ ನಡೆದು ಹೋಗಿ ಬಸ್ಸು ಹಿಡಿಯುತ್ತಿದ್ದರು. ಇಬ್ಬರು ಕಾಲೇಜನ್ನೇ ಬಿಟ್ಟರು. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಬಿಟ್ಟವನಿಗೇ ಗೊತ್ತು ಅದರ ಉರಿ. ಹೋರಾಟಗಳಲ್ಲಿ ಮುಂದೆ ನಿಂತು ಘೋಷಣೆ ಕೂಗುವವನೆಂದು ಜನ ನನ್ನನ್ನು ನಾಯಕರು ಎನ್ನುತ್ತಿದ್ದರು. ಕಾನೂನು ನಾನೇ ಓದಿಕೊಂಡೆ, ಮನವಿ ನಾನೇ ಬರೆದೆ, ಬಸ್ಸಿನ ನಿಲುಗಡೆ ಮಂಜೂರು ಮಾಡುವ ಸಾಹೇಬರನ್ನು ಹುಡುಕುತ್ತ ಹೊರಟೆ.

ಸಾಹೇಬರು ಜೀಪಿನಲ್ಲಿ ನಾಲ್ಕೂ ತಾಲೂಕು ತಿರುಗುವವರು. ನಾನು ಇಂಡಿಗೆ ಹೋದರೆ ಅವರು ಸಿಂದಗಿಗೆ, ನಾನು ಸಿಂದಗಿಗೆ ಹೋದರೆ ಮುದ್ದೇಬಿಹಾಳಕ್ಕೆ. ನನ್ನ ಹಳೆಯ ಗಾಡಿ ಎದುರುಗಾಳಿ ಬೀಸಿದರೆ ನಿಂತುಬಿಡುತ್ತಿತ್ತು. ನಾನು ಮುಂದಿನ ಬಾಗಿಲಲ್ಲಿ ಒಳಗೆ ಕಾಲಿಡುವಾಗ ಜೀಪು ಹಿಂದಿನ ಬಾಗಿಲಿಂದ ಹೊರಟಿರುತ್ತಿತ್ತು. ಸರಕಾರಿ ಕಚೇರಿಗೆ ಎರಡು ಬಾಗಿಲು ಇಟ್ಟವನನ್ನು ಮೊದಲು ಹಿಡಿದು ಕೇಳಬೇಕು!

ಒಮ್ಮೆ ಅಲ್ಲಿಯ ಸಿಪಾಯಿ ನನ್ನ ಮೇಲಿನ ಕರುಣೆಯಿಂದ ಹೇಳಿದ: "ಈಗರ ಹೋದ್ರು ನೋಡ್ರಿ. ಕುರ್ಚಿ ಇನ್ನೂ ಬೆಚ್ಚಗೈತಿ, ಬೇಕಾದ್ರ ಮುಟ್ಟಿ ನೋಡ್ರಿ."

ಮುಟ್ಟಿ ನೋಡಿದೆ. ಸುಳ್ಳು ಹೇಳಿರಲಿಲ್ಲ.

ಎಷ್ಟು ಇಂಚು?

ಸಿಟ್ಟಿನಲ್ಲಿ ಗಾಡಿ ತಂದು ಸಿಂದಗಿಯ ಚಾಚಾನ ಗ್ಯಾರೇಜಿನಲ್ಲಿ ನಿಲ್ಲಿಸಿದೆ. "ಚಾಚಾ, ಇದು ಜೀಪ್ ಹಿಡೀಬೇಕು."

ಚಾಚಾ ಒಮ್ಮೆ ಕಿಕ್ ಹೊಡೆದು ಕಿವಿಗೊಟ್ಟ. "ನಾಯಕರ, ಗಾಡಿ ನಿಮ್ದು ಖರೆ, ಎಂಜಿನ್ ಮಾತ್ರ ಸರಕಾರದ್ದು ಇದ್ದಂಗ ಐತಿ. ಬರೇ ಸಪ್ಪಳ, ಕೆಲಸಿಲ್ಲ."

ಮದ್ದನ್ನೂ ಅವನೇ ಹೇಳಿದ. ಸಿಲಿಂಡರಿನ ಒಳಗೋಡೆ ಕೆತ್ತಿಸಿ ಅಗಲ ಮಾಡಿ ದೊಡ್ಡ ಪಿಸ್ಟನ್ ಕೂಡಿಸುವುದು, ಅಂದರೆ ಬೋರು ಹೊಡೆಸುವುದು. ಆ ತಾಕತ್ತಿಗೆ ಹಳೆಯ ಕ್ಲಚ್ಚು ಜಾರುತ್ತದೆ, ಆದ್ದರಿಂದ ಒಂದು ಪ್ಲೇಟು ಹೆಚ್ಚು, ಸ್ಪ್ರಿಂಗು ಗಟ್ಟಿಯವು.

ನನ್ನ ಹೆಂಡತಿ ತವರಿಗೆ ಫೋನು ಮಾಡಿ, "ಅವ್ರು ಸಿಂದಗ್ಯಾಗ ಬೋರ್ ಹೊಡಸಾಕತ್ತಾರ" ಎಂದಳು. ಅಷ್ಟೇ. ಆಲಮೇಲದಿಂದ ನನ್ನ ಅತ್ತೆಯ ಫೋನು ಬಂತು.

"ಅಳಿಯಾರ, ಬೋರ್ ಹೊಡಿಸೀರಂತ. ಎಷ್ಟು ಇಂಚು ಬಿತ್ರಿ?"

ನಾನು ಪಿಸ್ಟನ್ನಿನ ಗುಂಗಿನಲ್ಲಿದ್ದೆ. "ಇಂಚಿನ ಮಾತಿಲ್ರಿ ಅತ್ತಿ, ಎರಡು ಮಿಲಿಮೀಟರ್."

"ಅಯ್ಯ ಶಿವನ! ಅಷ್ಟ ನೀರಿಗೆ ಇಷ್ಟು ಖಟಿಪಿಟಿ ಯಾಕ ಮಾಡಿದ್ರಿ?"

"ನೀರಲ್ರಿ, ಇದು ಆಯಿಲ್ದು."

ಅತ್ತೆ ಫೋನು ಇಟ್ಟುಬಿಟ್ಟಳು. ಮರುದಿನ ಮುಂಜಾನೆ ಆಲಮೇಲದ ಬಸ್ಸಿನಿಂದ ಅತ್ತೆ, ಜೊತೆಗೆ ಓಣಿಯ ಐವರು ಮುತ್ತೈದೆಯರು, ಹೊಸ ಬೋರಿನ ಪೂಜೆಗೆಂದು ಚೀಲ ಹಿಡಿದು ಇಳಿದು ನೆಟ್ಟಗೆ ಗ್ಯಾರೇಜಿಗೆ ಬಂದರು. "ಎಣ್ಣಿ ಎಲ್ಲಿ ಬಿದ್ದೈತ್ರಿ?" ಎಂದಳು ಅತ್ತೆ. ಚಾಚಾ ಸುಮ್ಮನೆ ನೆಲದ ಮೇಲಿದ್ದ ಕರಿ ಆಯಿಲ್ಲಿನ ಡಬ್ಬಿ ತೋರಿಸಿದ.

ಅತ್ತೆ ಸೋಲುವ ಹೆಂಗಸಲ್ಲ. "ತಂದದ್ದು ತಿರುಗಿ ಒಯ್ಯಬಾರ್ದು" ಎಂದು ಕುಬಸದ ಖಣ, ಕಾಯಿ, ಉತ್ತತ್ತಿ ಎಲ್ಲ ಗಾಡಿಯ ಸೀಟಿನ ಮೇಲಿಟ್ಟು, ಪೆಟ್ರೋಲ್ ಟಾಕಿಗೆ ಅರಿಷಿಣ ಕುಂಕುಮ ಹಚ್ಚಿದಳು.

ಚಾಚಾ ಗಡ್ಡ ನೀವಿಕೊಂಡ. "ನಲವತ್ತು ವರ್ಷ ಆತು ಅಂಗಡಿ ಹಾಕಿ. ಗಾಡಿಗೆ ಉಡಿ ತುಂಬಿದ್ದು ಇವತ್ತ ನೋಡಿದೆ."

ನಲವತ್ತರ ಮ್ಯಾಲಿಲ್ಲ

ಗಾಡಿ ಕೈಗೆ ಕೊಡುವಾಗ ಚಾಚಾ ಬೆರಳೆತ್ತಿ ಹೇಳಿದ: "ಹೊಸಾ ಪಿಸ್ಟನ್ ಐತಿ. ಸಾವಿರ ಕಿಲೋಮೀಟರ್ ಆಗೋತನಕ ನಲವತ್ತರ ಮ್ಯಾಲ ಹೋಗಂಗಿಲ್ಲ."

"ಮೊದಲ ಐವತ್ತು ಹೋಗ್ತಿತ್ತಲ್ಲೋ ಚಾಚಾ!"

"ಆಗ ತಾಕತ್ತು ಇರಲಿಲ್ಲ, ಓಡ್ತಿತ್ತು. ತಾಕತ್ತು ಬಂದಾವ್ರು ಸಾವಕಾಶ ಹೋಗಬೇಕ್ರಿ."

ಸಾವಿರ ಕಿಲೋಮೀಟರು ಎತ್ತಿನ ಬಂಡಿಯಂತೆ ಹೋದೆ. ಹಲ್ಲು ಕಡಿಯುತ್ತಲೇ ಹೋದೆ. ಆದರೆ ಇವತ್ತು ನೆನಪಾಗುವುದು ಅದೇ ದಿನಗಳು. ಅಷ್ಟು ವರ್ಷ ಘೋಷಣೆ ಕೂಗುತ್ತ ಹಾದುಹೋದ ಊರುಗಳಲ್ಲಿ ಯಾರ ಮನೆಯ ಕಟ್ಟೆ ಹೇಗಿದೆ ಎಂದು ನೋಡಿರಲಿಲ್ಲ. ಈಗ ಎಂಜಿನ್ ತಣಿಸಲೆಂದು ಊರೂರಿಗೆ ನಿಂತೆ. ನಿಂತಲ್ಲಿ ಚಹಾ, ಚಹಾದ ಜೊತೆ ಮನವಿಗೆ ಸಹಿ. ಓಡುವಾಗ ಮೂವತ್ತು ಇದ್ದ ಸಹಿ, ತೆವಳುವಾಗ ಮುನ್ನೂರಾದವು. ಚಾಚಾನ ಗ್ಯಾರೇಜಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಅದರ ಮುಂದೆ ಹಾಯುವಾಗ ನನಗೆ ಮಾತ್ರ ಸುಟ್ಟ ಆಯಿಲ್ಲಿನ ವಾಸನೆ ಬರುತ್ತದೆ.

ಮುದ್ದೇಬಿಹಾಳದ ದಾರಿಯಲ್ಲಿ, ತೊಡೆಯ ಮೇಲೆ ಟಗರು ಕೂಡಿಸಿಕೊಂಡ ಕುರುಬರ ಮುದುಕನೊಬ್ಬ ಮೊಪೆಡ್ಡಿನಲ್ಲಿ ನನ್ನನ್ನು ಹಿಂದೆ ಹಾಕಿದ. "ಪೆಟ್ರೋಲ್ ಮುಗದೈತೇನ್ರಿ?" ಎಂದು ಕೇಳಿದ. ಅದನ್ನಾದರೂ ತಡೆದುಕೊಂಡೆ. ಟಗರು ತಿರುಗಿ ನೋಡಿದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಬಿಚ್ಚದ ಮುಷ್ಟಿ

ಸಾವಿರ ಮುಗಿದ ಮರುದಿನವೇ ಜೀಪು ಸಿಕ್ಕಿತು. ಹೂವಿನ ಹಿಪ್ಪರಗಿಯಲ್ಲಿ ಜನ, ದನ, ಟ್ರ್ಯಾಕ್ಟರು. ಆ ಗಟ್ಟಿ ಕ್ಲಚ್ಚನ್ನು ನೂರು ಸಲ ಹಿಡಿದು ಬಿಟ್ಟು ದಾಟುವಷ್ಟರಲ್ಲಿ ಮುಂದೆ ಸಾಹೇಬರ ಜೀಪು ಬಾಗೇವಾಡಿಯ ಕಡೆ ಓಡುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದೆ. ಗಾಡಿ ಹಾರಿತು! ಜೀಪನ್ನು ದಾಟಿ, ರಸ್ತೆಗೆ ಅಡ್ಡ ನಿಲ್ಲಿಸಿದೆ. ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು.

ಸಾಹೇಬರು ಇಳಿದರು. ನಾನು ಎಡಗೈ ಮುಷ್ಟಿ ಎತ್ತಿಕೊಂಡೇ ನಡೆದು ಹೋದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಏನಿದ್ರೂ ಮಾತಾಡೂಣು. ಮೊದಲ ಕೈ ಇಳಸ್ರಿ."

"ಹೊಡ್ಯಾಕಲ್ರೀ ಸಾಹೇಬ್ರ. ಕ್ಲಚ್ ಗಟ್ಟಿ ಐತಿ. ಬೆರಳು ಬಿಚ್ಚವಲ್ವು!"

ಸಾಹೇಬರು ಒಳ್ಳೆಯ ಮನುಷ್ಯರೇ. ನನ್ನ ಕೈ ಹಿಡಿದು ಒಂದೊಂದೇ ಬೆರಳು ಬಿಡಿಸತೊಡಗಿದರು. ನಾನು ಬಿಡುತ್ತೇನೆಯೇ? ಒಂದು ಬೆರಳಿಗೆ ಮನವಿಯ ಒಂದು ಮಾತು ಹೇಳುತ್ತ ಹೋದೆ. ಹೆಬ್ಬೆರಳು ಬಿಚ್ಚುವಾಗ, ಕಾಲೇಜು ಬಿಟ್ಟ ಆ ಇಬ್ಬರ ಮಾತು ಬಂತು. ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಸಹಿ ಮಾಡಿದರು.

ನಡುರಸ್ತೆಗೆ ಹಿಂದಿನ ಬಾಗಿಲು ಇರುವುದಿಲ್ಲ ನೋಡಿ.

ಮೊದಲ ಬಸ್ಸು

ಸೋಮವಾರ ನಮ್ಮ ಕ್ರಾಸಿನಲ್ಲಿ ಬಸ್ಸು ನಿಂತಿತು. ಕಾಲೇಜು ಬಿಟ್ಟಿದ್ದ ಇಬ್ಬರೂ ಚೀಲ ಹಾಕಿಕೊಂಡು ನಿಂತಿದ್ದರು. ಬಸ್ಸಿನ ಮುಂದೆ ಗಾಡಿಯ ಮೇಲೆ ಮೆರೆಯುತ್ತ ಹೋಗಬೇಕೆಂದು ನಾನು ಕನಸು ಕಂಡಿದ್ದೆ. ಆದರೆ ಅವತ್ತಿನ ಒಂದೇ ಓಟಕ್ಕೆ ಹೊಸ ಪಿಸ್ಟನ್ ಜಾಮಾಗಿತ್ತು. ಬಿಚ್ಚಿದ ಸಿಲಿಂಡರನ್ನು ಗೋಣಿಚೀಲದಲ್ಲಿ ಹೊತ್ತು ನಾನೂ ಸಾಲಿನಲ್ಲಿ ನಿಂತಿದ್ದೆ.

"ಮಾಮಾ, ಮೊದಲ ನೀವ ಹತ್ರಿ" ಎಂದು ಹುಡುಗಿಯರು ನನ್ನನ್ನು ತಳ್ಳಿದರು.

"ಎಲ್ಲಿಗ್ರಿ ನಾಯಕರ? ಮಾರಿ ಯಾಕ ಸಪ್ಪಗೈತಿ?" ಎಂದ ಕಂಡಕ್ಟರ್.

"ಬಾಗೇವಾಡಿ ಕೊಡಪಾ. ಅಲ್ಲಿಂದ ಸಿಂದಗಿಗೆ ಹೋಗ್ಬೇಕು. ಬೋರ್ ಫೇಲ್ ಆತು."

 ಚ್ ಚ್ ಎಂಬ ಸದ್ದು ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಹೋಯಿತು. ಒಬ್ಬ ಅಜ್ಜ ಎದ್ದು ನನಗೆ ತನ್ನ ಸೀಟು ಬಿಟ್ಟುಕೊಟ್ಟ. "ಎಷ್ಟು ಹೊಡಿಸಿದ್ರಿ ಯಪ್ಪಾ?"

ಬಿಡಿಸಿ ಹೇಳುವ ಶಕ್ತಿ ನನಗೆ ಉಳಿದಿರಲಿಲ್ಲ. "ಎರಡು ಮಿಲಿಮೀಟರ್" ಎಂದೆ.

ಅಜ್ಜ ನನ್ನ ಹೆಗಲ ಮೇಲೆ ಕೈಯಿಟ್ಟ.

"ಹಂಗಾರ ನೀರು ಎಲ್ಲಿಂದ ಬೀಳಬೇಕೋ ತಮ್ಮಾ? ಕೋಳಿ ಸೈತ ಅದಕ್ಕಿಂತ ಆಳ ಕೆದರತೈತಿ!"